ಲೋಕಾಪುರ ದಾಟಿದ ಮ್ಯಾಲ ಬಲಗಡೆ ಡಬ್ಬಿ ಕಳಚಿ ಬಿತ್ತು: ಗಾಡಿ ಗಟ್ಟಿ, ಕೊಕ್ಕೆ ಪೊಳ್ಳು?

ಕುಂದಾನಗರಿ_ಸವಾರ, ಬೆಳಗಾವಿ

ನಮಸ್ಕಾರ್ರಿ. ಉದ್ದ ಬರ್ಯಾಕತ್ತೀನಿ, ಬಾಜೂಕ ಚಹಾ ಇಟಗೊಂಡು ಓದ್ರಿ.

ನಂದು 400 ಸಿಸಿ ಒಳಗಿನ ಟೂರಿಂಗ್ ಗಾಡಿ. ಕಂಪನಿ ಹೆಸರು ಬರ್ಯಾಂಗಿಲ್ಲ, ಕೇಳಾಕೂ ಹೋಗಬ್ಯಾಡ್ರಿ. ನನ್ನ ಜಗಳ ಕಂಪನಿ ಜೋಡಿ ಅಲ್ಲ, ಒಂದು ಕೊಕ್ಕೆ ಜೋಡಿ. ಮೂರು ವರ್ಷದಾಗ 41,000 ಕಿ.ಮೀ. ಓಡಸೇನಿ. ಚೋರ್ಲಾ ಘಾಟ, ಆಂಬೋಲಿ, ಎರಡು ಸಲ ಪಂಢರಪುರ, ಒಮ್ಮೆ ಹಂಪಿ. ಇಂಜಿನ್ ಬಗ್ಗೆ ಕೆಟ್ಟ ಮಾತಾಡಿದ್ರ ನನ್ನ ನಾಲಗಿಗೆ ಹುಳ ಬೀಳತಾವು. ಗಾಡಿ ಕೈ ಕೊಟ್ಟಿದ್ದು ಎರಡ ಸಲ. ಒಮ್ಮೆ ಆಂಬೋಲಿ ಮಳಿಯೊಳಗ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ರಾಡಿ ಹೊಕ್ಕು, ಗೇರ್ ಹಾಕಿದ ಕೂಡಲೆ ಇಂಜಿನ್ ಬಂದ್ ಆಗಾಕತ್ತಿತ್ತು. ಬಾಟಲಿ ನೀರು ಹಾಕಿ ತೊಳೆದೆ, ಸರಿ ಆತು. ಇನ್ನೊಮ್ಮೆ 28,000ಕ್ಕ ರೆಗ್ಯುಲೇಟರ್ (ಬ್ಯಾಟರಿ ಚಾರ್ಜ್ ಹದದಾಗ ಇಡೂ ಭಾಗ) ಸುಟ್ಟು ಬ್ಯಾಟರಿ ಮಲಗಿತು. ಇಷ್ಟ.

ಈಗ ಡಬ್ಬಿ ಕಥಿ. ಎರಡೂ ಕಡೆ ಅಲ್ಯೂಮಿನಿಯಂ ಡಬ್ಬಿ, ಗಾಡಿ ಜೋಡಿನ ತಗೊಂಡಿದ್ದು. ಕೆಳಗ ಎರಡು ಗಿಡ್ಡ ಕಾಲು ರ‍್ಯಾಕಿನ ಬಟ್ಟಲದಾಗ ಕುಂದರತಾವು, ಮ್ಯಾಲ ಒಂದು ಕೊಕ್ಕೆ ರ‍್ಯಾಕಿನ ಪಟ್ಟಿ ಹಿಡಕೋತೈತಿ, ಹಿಡಿಕಿ ಒತ್ತಿ ಚಾವಿ ತಿರವಿದ್ರ ಮುಗೀತು. ಮುಗೀತು ಅಂತ ನಾ ತಿಳಕೊಂಡಿದ್ದೆ.

ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿಗೆ ಹೊಂಟಿದ್ದೆ. ಬಾಗಲಕೋಟಿ ನವನಗರದಾಗ ಅಕ್ಕನ ಮನಿ, ರಾತ್ರಿ ಅಲ್ಲಿ ವಸ್ತಿ, ಮುಂಜಾನೆದ್ದು ಬಾದಾಮಿ ಅಂತ ಲೆಕ್ಕ. ಯರಗಟ್ಟಿ ಲೋಕಾಪುರ ದಾರಿ. ಕಬ್ಬಿನ ಹಂಗಾಮು ನಡದಿತ್ತು, ರಸ್ತಾ ಹೆಂಗ ಇರ್ತೈತಿ ನಿಮಗ ಹೇಳೋದೇನೈತಿ. ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಸಾಲು, ತಗ್ಗು ತಪ್ಪಿಸಿದ್ರ ಕಬ್ಬಿನ ತುಂಡು, ಕಬ್ಬು ತಪ್ಪಿಸಿದ್ರ ತಗ್ಗು. ಲೋಕಾಪುರ ದಾಟಿ ಕಲಾದಗಿ ಕಡೆ ಬರೂ ಮುಂದ ಒಂದು ತಗ್ಗಿಗೆ ಧಡಕ್ ಅಂತ ಇಳದೆ. ಏನೋ ಸಪ್ಪಳಾತು. ಕನ್ನಡಿಯಾಗ ನೋಡಿದ್ರ ನನ್ನ ಡಬ್ಬಿ ಡಾಂಬರ್ ಮ್ಯಾಲ ಕುಂತು ಜಾರಿಕೋತ ನನ್ನ ಹಿಂದನ ಬರಾಕತ್ತಿತ್ತು!

ಪುಣ್ಯಾಕ್ಕ ಹಿಂದ ಖಾಲಿ ಟ್ರ್ಯಾಕ್ಟರ್. ಆ ಕಾಕಾ ಗಾಡಿ ನಿಲ್ಲಿಸಿ, ಡಬ್ಬಿ ಎತ್ತಿ ಟ್ರೇಲರಿನ್ಯಾಗ ಇಟಗೊಂಡು ನನ್ನತನ ತಂದು ಕೊಟ್ಟಾ. ಕೊಡೂ ಮುಂದ ಕೊಕ್ಕಿ ನೋಡಿ ಒಂದು ಮಾತು ಕೇಳಿದಾ: "ಇದಕ್ಕ ಕಾಟರ್ ಪಿನ್ ಇಲ್ಲೇನೋ ತಮ್ಮಾ?" ಕಾಟರ್ ಅಂದ್ರ ಕೂಡಿಸಿದ್ದು ಕಳಚದಂಗ ಅಡ್ಡ ಹಾಕೂ ಸಣ್ಣ ಪಿನ್.

ಚಾವಿ ಹಾಕಿದ್ದೆ. ದೇವರಾಣೆ ಹಾಕಿದ್ದೆ. ಡಬ್ಬಿ ಬಿದ್ದ ಮ್ಯಾಲೂ ಕೀಲಿ ಬಂದ್ ಆದ ಸ್ಥಿತಿಯೊಳಗ ಐತಿ. ಕೊಕ್ಕಿ ತುದಿ ಮಾತ್ರ ಜೋಳದ ಕಾಳಿನಷ್ಟು ಚಕ್ಕಿ ಎದ್ದು ಹೋಗೈತಿ. ಶೋರೂಮಿನವರು ಒಂದ ಮಾತಿನ್ಯಾಗ ಮುಗಿಸಿದ್ರು: ನೀವು ಸರಿಯಾಗಿ ಹಾಕಿಲ್ಲ, ವಾರಂಟಿ ಬರಂಗಿಲ್ಲ.

ಯಾರಿಗಾದ್ರೂ ಹಿಂಗ ಆಗೈತೇನ್ರಿ?

ಗುಮ್ಮಟದ_ಹುಡುಗ, ವಿಜಯಪುರ

ಅಣ್ಣಾರ, ಮೊದಲ ನಿಮಗ ಏನೂ ಆಗಿಲ್ಲಲ್ಲಾ, ಅದು ದೊಡ್ಡದು. ಹಿಂದ ಬೈಕಿನ್ಯಾಂವ ಇದ್ದಿದ್ರ ಏನ್ ಗತಿ ಅನ್ನೋದು ನೆನಿಸಿದ್ರ ಮೈ ಜುಂ ಅಂತದ.

ಆದ್ರ ಒಂದು ಮಾತು ಬ್ಯಾಸರ ಮಾಡ್ಕೋಬ್ಯಾಡ್ರಿ. ರೆಗ್ಯುಲೇಟರ್ ಸುಟ್ಟ ಗಾಡೀಗೆ "ಎರಡ ಸಲ ಕೈ ಕೊಟ್ಟದ" ಅಂತ ಸಲೀಸ ಹೇಳಿಬಿಟ್ರಿ. ನಂದೂ ಅಂಥದ್ದೇ ಗಾಡಿ, ಬ್ಯಾರೆ ಕಂಪನಿ. ಹೋದ ಬ್ಯಾಸಗ್ಯಾಗ ಮಧ್ಯಾಹ್ನ ಎರಡು ಗಂಟೆಕ್ಕ ಕೊಲ್ಹಾರ ಬ್ರಿಜ್ ಮ್ಯಾಲ ನಿಂತದ. ಕೆಳಗ ಕೃಷ್ಣಾ, ಮ್ಯಾಲ ಸೂರ್ಯಾ, ನಡುವ ನಾ. ಒಂದು ಗಿಡದ ನೆಳ್ಳಿಲ್ಲ. ಆವತ್ತು ನನಗ ನಂಬಿಗಿ ಅನ್ನೋದರ ಅರ್ಥ ತಿಳೀತು. ಡಬ್ಬಿ ಬಿದ್ರ ಎತ್ಕೋಬಹುದು, ಗಾಡಿ ನಿಂತ್ರ ಯಾರಿಗೆ ಎತ್ತು ಅಂತೀರಿ?

ಡಬ್ಬಿ ವಿಷಯಕ್ಕ ಮೂರು ಪ್ರಶ್ನೆ. ಒಳಗ ಎಷ್ಟು ಭಾರ ಇತ್ತು? ಎಷ್ಟು ಸ್ಪೀಡಿನ್ಯಾಗ ಇದ್ರಿ? ಕೊಕ್ಕಿ ಫೋಟೋ ಹಾಕ್ರಿ, ತುದಿ ಹತ್ರದಿಂದ.

ಇಳಕಲ್_ದಡಿ, ಇಳಕಲ್ಲ

ನಂದು ಗಾಡಿ ಸಣ್ಣದು, ಹಿಂದ ಒಂದ ಟಾಪ್ ಬಾಕ್ಸ್. ಕಾಲೇಜಿಗೆ ದಿನಾ ಹುನಗುಂದ ತನಕ ಹೋಗಿ ಬರತೀನಿ, ರಜಾ ಬಂದ್ರ ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ. ನನಗ ಆಗಿದ್ದು ಹೇಳತೀನಿ, ನಿಮ್ಮದಕ್ಕ ಹೊಂದಿದ್ರ ನೋಡ್ರಿ.

ಚಾವಿ ತಿರುಗತಿತ್ತು, ಟಕ್ ಅಂತ ಸಪ್ಪಳನೂ ಬರತಿತ್ತು, ಆದ್ರ ಕೊಂಡಿ ಪೂರಾ ಹಿಡಿದಿರತಿರಲಿಲ್ಲ. ಅರ್ಧ ಕುಂತಿರತಿತ್ತು. ಚಾವಿ ತಿರುಗೋದಕ್ಕೂ ಕೊಂಡಿ ಹಿಡಿಯೋದಕ್ಕೂ ಸಂಬಂಧ ಇರಲೇಬೇಕಂತಿಲ್ಲ, ಅದು ನನಗ ಆವಾಗ ಗೊತ್ತಾತು. ಒಂದಿನ ಒಂದು ಗಂಟು ಉತ್ತರ ಪತ್ರಿಕಿ ರಸ್ತಾದಾಗ ಹಾರಿ ಹೋದ್ವು. ಹುಡುಗೂರು ಭಾಳ ಖುಷಿ ಪಟ್ಟಾರ, ಅದು ಬ್ಯಾರೆ ಮಾತು.

ಕಾರಣ ಎರಡು ಸಿಕ್ಕು. ಒಂದು, ನಮ್ಮೂರ ಗ್ರಾನೈಟ್ ಧೂಳು ಕೊಂಡಿ ಗೂಡಿನ್ಯಾಗ ಗಟ್ಟಿ ಕುಂತಿತ್ತು. ದಬ್ಬಣ ತಗೊಂಡು ಕೆರದ್ರ ಒಂದು ಚಮಚಾ ಪುಡಿ ಬಂತು. ಎರಡು, ರೇನ್ ಕೋಟ್ ಒತ್ತಿ ತುರುಕಿ ಮುಚ್ಚತಿದ್ದೆ. ಮುಚ್ಚಳ ಒಳಗಿಂದ ಮ್ಯಾಲ ದಬ್ಬತಿತ್ತು, ಕೊಂಡಿ ಅದರ ಜೋಡಿ ಕುಸ್ತಿ ಹಿಡೀತಿತ್ತು.

ಈಗ ಏನ್ ಮಾಡತೀನಿ ಅಂದ್ರ, ಕೀಲಿ ಹಾಕಿ ಚಾವಿ ಕೈಯಾಗ ತಗೊಂಡ ಮ್ಯಾಲ ಅಂಗೈಲೆ ಎರಡು ಏಟು ಕೊಡತೀನಿ, ಆಮ್ಯಾಲ ಎರಡೂ ಕೈಲೆ ಮ್ಯಾಲ ಎಳದು ನೋಡತೀನಿ. ನೋಡಿದವರು ಈ ಬಾಯಿ ಡಬ್ಬಿ ಜೋಡಿ ಜಗಳಾಡಾಕತ್ತಾಳ ಅಂತಾರ. ಅನ್ನಲಿ.

ಕುಂದಾನಗರಿ_ಸವಾರ

ಅಕ್ಕಾರ, ಧೂಳು ತೆಗದೆ. ಭಾಳ ಇರಲಿಲ್ಲ.

ಗುಮ್ಮಟದ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಕೊಡಾಕ ನಾಚಿಕಿ ಬರತೈತಿ. ನಿನ್ನೆ ಮನ್ಯಾಗ ಅವತ್ತಿನ ಸಾಮಾನು ಎಲ್ಲಾ ಮತ್ತ ತುಂಬಿ, ತೂಗು ಕಾಟಾಕ್ಕ ನೇತು ಹಾಕಿದೆ. ಎಡಗಡೆ 6 ಕೆಜಿ. ಬಲಗಡೆ 13! ಮುಚ್ಚಳದ ಒಳಗಿನ ಸ್ಟಿಕರ್ ಮ್ಯಾಲ 10 ಅಂತ ಸ್ವಚ್ಛ ಬರದೈತಿ, ಮೂರು ವರ್ಷ ಅದನ್ನ ನೋಡಿನ ಇಲ್ಲ. ಲ್ಯಾಪ್‌ಟಾಪ್, ಗಾಡಿಗೆ ಹಾಕೂ ಕಬ್ಬಿಣದ ಸರಪಳಿ, ಪಂಕ್ಚರ್ ಕಿಟ್ಟು, ಅಕ್ಕಗ ಅವ್ವ ಕೊಟ್ಟ ರೊಟ್ಟಿ ಗಂಟು, ಮ್ಯಾಲ ಎರಡು ಕೆಜಿ ಕುಂದಾ. ಎಲ್ಲಾ ಒಂದ ಕಡೆ, ಯಾಕಂದ್ರ ಎಡಗಡೆ ಡಬ್ಬ್ಯಾಗ ಬಟ್ಟಿ ಇದ್ವು, ಬಟ್ಟಿಗೆ ಎಣ್ಣಿ ಹತ್ತಬಾರದಲ್ಲಾ.

ಸ್ಪೀಡು 60ರ ಆಸುಪಾಸು. ಕಬ್ಬಿನ ಟ್ರ್ಯಾಕ್ಟರ್ ಹಿಂದ ಅದಕ್ಕಿಂತ ಜೋರ ಹೋಗಾಕ ಎಲ್ಲಿ ಆಗತೈತಿ.

ಒಪ್ಪಿದೆ, ತಪ್ಪು ನಂದೂ ಐತಿ. ಆದ್ರ ಹತ್ತರ ಜಾಗಾದಾಗ ಹದಿಮೂರು ಹಾಕಿದ್ರ ಡಬ್ಬಿ ಬಿದ್ದ ಹೋಗಬೇಕಾ? ಇದರ ಹಿಂದ ನೂರು ಸಲ ಇಷ್ಟ ಭಾರ ಹಾಕಿ ಅಡ್ಡ್ಯಾಡೇನಿ. ಕೊಕ್ಕಿ ಫೋಟೋ ಎರಡು ಹಾಕೇನಿ, ನೋಡ್ರಿ.

ಘಟಪ್ರಭಾ_ದಂಡಿ, ಗೋಕಾಕ

ನೀವೆಲ್ಲಾ ಡಬ್ಬಿ ಡಬ್ಬಿ ಅಂತ ಯಾಕ ಸಾಯತೀರಿ? ಬಟ್ಟಿ ಚೀಲ ಹಾಕ್ರಿ, ಸ್ಯಾಡಲ್ ಬ್ಯಾಗು. ಲ್ಯಾಚಿಲ್ಲ, ಚಾವಿಲ್ಲ, ಕೊಕ್ಕಿಲ್ಲ. ಬೆಲ್ಟು ಬಿಗದ್ರ ಆತು. ಗಾಡಿ ಮಲಗಿದ್ರ ಚೀಲ ತಾನೂ ಮಲಗತೈತಿ, ರ‍್ಯಾಕ್ ಮುರಿಯಂಗಿಲ್ಲ, ಕಾಲು ಡಬ್ಬಿ ಕೆಳಗ ಸಿಗಂಗಿಲ್ಲ. ನಮ್ಮ ಅಜ್ಜ ಎತ್ತಿನ ಮ್ಯಾಲ ಹಡಪ ಹಾಕ್ಕೊಂಡು ಗೋಕಾಕ ಸಂತಿ ಮಾಡಿ ಬರತಿದ್ದ, ಒಂದು ಕಾಳು ಬಿದ್ದಿಲ್ಲ.

ಕಳವಿನ ಹೆದರಿಕಿ ಅಂತೀರಿ. ಅಲ್ಯೂಮಿನಿಯಂ ಡಬ್ಬಿ ಒಡ್ಯಾಕ ಒಂದು ಸ್ಕ್ರೂ ಡ್ರೈವರ್ ಸಾಕು. ಒಳಗ ಏನೋ ಬೆಲಿ ಬಾಳೋದೈತಿ ಅಂತ ಕಳ್ಳಗ ನೀವ ತೋರಿಸಿಕೊಟ್ಟಂಗ.

ಕುಂದಾನಗರಿ_ಸವಾರ

ಮಾವ, ಆಷಾಢದಾಗ ಆಂಬೋಲಿಗೆ ಬಟ್ಟಿ ಚೀಲ ಹಾಕ್ಕೊಂಡು ಹೋಗಿ ಬಂದು ಈ ಮಾತ ಹೇಳ್ರಿ. ನಾ ಹಿಂದಿನ ಗಾಡಿಗೆ ಎರಡು ವರ್ಷ ಅದನ್ನ ಬಳಸೇನಿ. ಒಳಗ ಪ್ಲಾಸ್ಟಿಕ್, ಅದರೊಳಗ ಪ್ಲಾಸ್ಟಿಕ್, ಅದರೊಳಗ ತೊಯ್ದ ಬನಿಯನ್.

ವರ್ಗಾವಣೆ_ಗಿರಾಕಿ, ಬಾಗಲಕೋಟೆ

ನಾನು ಮಂಡ್ಯ ಕಡೆಯವನು, ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ನಿಮ್ಮ ಭಾಷೆ ಅರ್ಥವಾಗುತ್ತೆ, ಬರೆಯೋಕೆ ಬರಲ್ಲ, ಬೈಬೇಡಿ.

ನನ್ನ ಗಾಡಿಗೆ ಇರೋದು ಪ್ಲಾಸ್ಟಿಕ್ ಡಬ್ಬಿ. ಬಲಗಡೆಯದ್ದು ಸೈಲೆನ್ಸರ್ ಪಕ್ಕದಲ್ಲೇ ಇದೆ. ಇಲ್ಲಿಯ ಏಪ್ರಿಲ್ ಬಿಸಿಲಿಗೆ ಸೈಲೆನ್ಸರ್ ಕಾವೂ ಸೇರಿ, ಲ್ಯಾಚ್ ಕೂರೋ ಜಾಗದ ಪ್ಲಾಸ್ಟಿಕ್ ಸ್ವಲ್ಪ ಸೊಟ್ಟಗಾಗಿದೆ. ಬೆಳಿಗ್ಗೆ ಸಲೀಸಾಗಿ ಮುಚ್ಚುತ್ತೆ, ಮಧ್ಯಾಹ್ನ ಒದ್ದರೂ ಮುಚ್ಚಲ್ಲ. ಸೈಲೆನ್ಸರ್‌ಗೂ ಡಬ್ಬಿಗೂ ನಡುವೆ ಒಂದು ತಗಡಿನ ಮರೆ ಹಾಕಿಸಿದ ಮೇಲೆ ಪರವಾಗಿಲ್ಲ. ನಿಮ್ಮದೂ ಬಲಗಡೆಯದ್ದೇ ಬಿದ್ದಿದೆ, ಅದಕ್ಕೆ ಹೇಳಿದೆ.

ಉದ್ಯಮಬಾಗ_ಲೇಥ್, ಬೆಳಗಾವಿ

ಫೋಟೋ ನೋಡಿದೆ. ಇಪ್ಪತ್ತು ವರ್ಷ ಉದ್ಯಮಬಾಗದಾಗ ಎರಕ ಮತ್ತ ಮಷೀನ್ ಕೆಲಸ ಮಾಡೇನಿ, ಮುರದ ತುಂಡು ನೋಡೋದ ನಮ್ಮ ದಿನದ ಉದ್ಯೋಗ. ಸ್ವಲ್ಪ ಉದ್ದ ಹೇಳತೀನಿ.

ಎರಡನೇ ಫೋಟೋದಾಗ ಚಕ್ಕಿ ಎದ್ದ ಜಾಗಾ ನೋಡ್ರಿ. ಅಲ್ಲಿ ಬಣ್ಣ ಎರಡೈತಿ. ಅಂಚಿಗೆ ಕಪ್ಪಗ, ಜಿಡ್ಡು ಹಿಡದಂಗ. ಒಳಗ ಉಪ್ಪಿನ ಹರಳಿನಂಗ ಬೂದು ಮಿಂಚು. ಕಪ್ಪಗಿದ್ದದ್ದು ಹಳೇ ಸೀಳು. ಅದರೊಳಗ ತಿಂಗಳಾನುಗಟ್ಟಲೆ ಧೂಳು, ನೀರು ಹೊಕ್ಕೈತಿ. ಮಿಂಚೂದು ಅವತ್ತ ಮುರದಿದ್ದು. ಅಂದ್ರ ಲೋಕಾಪುರದ ತಗ್ಗು ಕೊನೀ ಏಟು ಕೊಡ್ತು, ಕೊಕ್ಕಿ ಭಾಳ ದಿನದ ಹಿಂದ ಸೀಳಾಕ ಚಾಲೂ ಮಾಡಿತ್ತು. ಇದು ಝಿಂಕ್ ಡೈ ಕಾಸ್ಟಿಂಗ್, ಅಂದ್ರ ಕರಗಿದ ಸತು ಅಚ್ಚಿನ್ಯಾಗ ಒತ್ತಿ ಮಾಡಿದ್ದು. ನೋಡಾಕ ಚಂದ, ಅಗ್ಗ, ಆದ್ರ ಬಾಗೂ ಗುಣ ಇಲ್ಲ. ಉಕ್ಕು ಮುರಿಯೂ ಮೊದಲ ಬಾಗಿ ನಿಮಗ ಸುಳಿವು ಕೊಡತೈತಿ, ಇದು ಹೇಳದ ಕೇಳದ ಚಟ್ ಅಂತೈತಿ.

ಇನ್ನ ಭಾರದ ಮಾತು. ನಿಂತ ಗಾಡ್ಯಾಗ 13 ಕೆಜಿ ಅಂದ್ರ 13 ಕೆಜಿ. ತಗ್ಗಿನ್ಯಾಗ ಗಾಡಿ ಇಳದು ಎದ್ದಾಗ ಮೂರು ಪಟ್ಟಿನ ಧಕ್ಕಾ ಹಿಡೀರಿ, 39 ಕೆಜಿ ಆ ಕೊಕ್ಕಿ ಎಳದಂಗ. ಅಷ್ಟನ್ನ ಕೊಕ್ಕಿ ಪೂರಾ ಅಗಲಕ್ಕ ಹಿಡದಿದ್ರ ತಾಳಕೋತಿತ್ತು. ನನ್ನ ಸಂಶಯ ಏನಂದ್ರ ಅದು ಪೂರಾ ಹಿಡದಿರಲಿಲ್ಲ. ಚಕ್ಕಿ ಎದ್ದಿದ್ದು ತುದಿಗೆ, ಒಂದ ಮೂಲಿಗೆ.

ಲ್ಯಾಚ್ ಹೆಂಗ ಕೆಲಸ ಮಾಡತೈತಿ ಅನ್ನೋದು ತಿಳಕೋಬೇಕಂದ್ರ ಸ್ಟೀಲ್ ಟಿಫಿನ್ ಕ್ಯಾರಿಯರ್ ಕೊಂಡಿ ತಗೋರಿ. ಒತ್ತೂ ಮುಂದ ಬಿಗಿ ಬಿಗಿ ಆಗಿ, ಒಂದು ಕಡೆ ದಾಟಿದ ಕೂಡಲೆ ಟಪ್ ಅಂತ ತಾನ ಕೆಳಗ ಬೀಳತೈತಿ. ಆ ನಡು ಗೆರಿ ದಾಟಿದ ಮ್ಯಾಲ ಎಷ್ಟು ಎಳದ್ರೂ ಅದು ಇನ್ನೂ ಮುಚ್ಚಾಕ ನೋಡತೈತಿ, ತೆರಿಯಾಕಲ್ಲ. ನಿಮ್ಮ ಹಿಡಿಕಿನೂ ಹಂಗ. ಆದ್ರ ಪಿನ್ ಸವದ್ರ, ಒಳಗಿನ ರಬ್ಬರ್ ಕುಗ್ಗಿದ್ರ, ಅದು ಗೆರಿ ದಾಟೂದು ಕಡಿಮಿ ಆಗತೈತಿ. ಕೀಲಿ ಕೆಲಸ ಹಿಡಿಕಿ ಏಳದಂಗ ತಡ್ಯೂದು ಅಷ್ಟ. ಕೊಕ್ಕಿ ಪಟ್ಟಿ ಹಿಡದೈತೋ ಇಲ್ಲೋ ಕೀಲಿಗೆ ಏನ್ ಗೊತ್ತು? ಇಳಕಲ್ಲ ಅಕ್ಕಾರು ಹೇಳಿದ್ದು ಖರೇ.

ಈಗ ಒಂದು ಪರೀಕ್ಷಾ ಮಾಡ್ರಿ. ನಮ್ಮಲ್ಲಿ ಬೇರಿಂಗ್ ಕೂಡಿಸೂ ಮುಂದ ಎಲ್ಲಿ ತಾಗತೈತಿ ನೋಡಾಕ ನೀಲಿ ಬಣ್ಣ ಹಚ್ಚತೀವಿ. ನಿಮ್ಮ ಮನ್ಯಾಗ ಅದು ಇರಂಗಿಲ್ಲ, ಕುಂಕುಮ ಇರತೈತಿ. ಎರಡು ಹನಿ ಎಣ್ಣ್ಯಾಗ ಕಲಿಸಿ, ಎಡಗಡೆ ಕೊಕ್ಕಿ ಒಳಮೈಗೆ, ಬಲಗಡೆ ಕೊಕ್ಕಿಗೆ, ತೆಳ್ಳಗ ಹಚ್ಚ್ರಿ. ಡಬ್ಬಿ ಹಾಕಿ ಕೀಲಿ ಹಾಕ್ರಿ. ತೆಗೀರಿ. ರ‍್ಯಾಕಿನ ಪಟ್ಟಿ ಮ್ಯಾಲ ಎಷ್ಟಗಲ ಕೆಂಪು ಹತ್ತೈತಿ ನೋಡಿ ಹೇಳ್ರಿ. ಖಾಲಿ ಡಬ್ಬಿ ಸಾಕು. ಮುರದ ಕೊಕ್ಕಿ ಜೋಡಿ ಗಾಡಿ ಓಡಸಬ್ಯಾಡ್ರಿ ಮತ್ತ.

ಗುಮ್ಮಟದ_ಹುಡುಗ

ಕುಂಕುಮ ಹಚ್ಚಿ ಪೂಜಾ ಮಾಡಿದ್ರ ಡಬ್ಬಿ ಬೀಳಂಗಿಲ್ಲ ಅಂತ ಹೇಳ್ರಿ ಸೀದಾ 😄

ನಾ ನನ್ನ ಡಬ್ಬಿ ಕೀಲಿಗೆ ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣಿ ಬಿಡ್ತೀನಿ. ಬೆಣ್ಣಿ ಹಂಗ ತಿರಗತದ.

ಉದ್ಯಮಬಾಗ_ಲೇಥ್

ಅದನ್ನ ಇವತ್ತ ಬಂದ್ ಮಾಡು ತಮ್ಮಾ. ನಿಮ್ಮ ವಿಜಯಪುರದ ಎರಿ ಮಣ್ಣಿನ ಧೂಳು ಹಿಟ್ಟಿನಕಿಂತ ಸಣ್ಣ. ಎಣ್ಣಿ ಜೋಡಿ ಕೂಡಿದ್ರ ಅದು ಪಾಲಿಶ್ ಪೇಸ್ಟ್ ಆಗತೈತಿ. ನಾವು ವಾಲ್ವ್ ಅರಿಯಾಕ ರೊಕ್ಕಾ ಕೊಟ್ಟು ತರೂ ಪೇಸ್ಟ್ ನೀ ಪುಕ್ಕಟೆ ಕೀಲ್ಯಾಗ ತಯಾರ ಮಾಡಾಕತ್ತಿ. ಒಂದು ವರ್ಷ ಬೆಣ್ಣಿ, ಆಮ್ಯಾಲ ಯಾವ ಚಾವಿ ಹಾಕಿದ್ರೂ ತಿರಗತೈತಿ. ಚಳಿಗಾಲದಾಗ ಕೊಬ್ಬರಿ ಎಣ್ಣಿ ಗಟ್ಟಿ ಆಗೂದು ಇನ್ನೊಂದು.

ಗ್ರಾಫೈಟ್ ಪುಡಿ ಹಾಕು. ಸಿಗಲಿಲ್ಲಂದ್ರ ಪೆನ್ಸಿಲ್ ತಗೊಂಡು ಚಾವಿ ಹಲ್ಲಿಗೆ ಎರಡೂ ಕಡೆ ಚಲೋತಂಗ ತಿಕ್ಕಿ, ಹತ್ತು ಸಲ ಒಳಗ ಹೊರಗ ಮಾಡು. ಅದೂ ಗ್ರಾಫೈಟನ.

ಇಳಕಲ್_ದಡಿ

ಪೆನ್ಸಿಲ್ ಮಾತು ಖರೇ, ನನ್ನ ಟಾಪ್ ಬಾಕ್ಸಿಗೆ ಅದನ್ನ ಮಾಡೇನಿ.

ಗುಮ್ಮಟದ ತಮ್ಮಾ, ನಿನ್ನ ಗಾಡಿ ಬ್ರಿಜ್ ಮ್ಯಾಲ ನಿಂತಿತ್ತಲ್ಲಾ, ಅದಕ್ಕ ಮೊದಲ ಏನಾದ್ರೂ ಸುಳಿವು ಕೊಟ್ಟಿತ್ತೇನು? ನಾನೂ ದೊಡ್ಡ ಗಾಡಿ ತಗೊಳ್ಳೋ ವಿಚಾರದಾಗ ಅದೀನಿ.

ಗುಮ್ಮಟದ_ಹುಡುಗ

ಕೊಟ್ಟಿತ್ತು ಅಕ್ಕಾರ, ನನಗ ತಿಳೀಲಿಲ್ಲ. ಎರಡು ವಾರ ಮೊದಲ ರಾತ್ರಿ ಹೆಡ್‌ಲೈಟ್ ಉಸಿರಾಡಿದಂಗ ಮಾಡ್ತಿತ್ತು, ಒಮ್ಮೆ ಬೆಳಕು, ಒಮ್ಮೆ ಮಂದ. ಮುಂಜಾನೆ ಸೆಲ್ಫ್ ಎಳೀಲಿಕ್ಕೆ ತ್ರಾಸ. ನಾ ಬ್ಯಾಟರಿ ಹಳೇದಾಗ್ಯದ ಅಂತ ಹೊಸಾ ಬ್ಯಾಟರಿ ಹಾಕ್ಸಿದೆ. ಅದನ್ನೂ ತಿಂದು ಹಾಕ್ತು.

ಆಮ್ಯಾಲ ಕಲ್ತದ್ದು ಇಷ್ಟು: 200-300 ರೂಪಾಯಿ ಮಲ್ಟಿಮೀಟರ್ ಮನ್ಯಾಗ ಇರ್ಲಿ. ಗಾಡಿ ಬಂದ್ ಇದ್ದಾಗ ಬ್ಯಾಟರಿ ಮ್ಯಾಲ 12.6 ವೋಲ್ಟಿನ ಸುತ್ತ ಇರಬೇಕು. ಚಾಲೂ ಮಾಡಿ ನಾಕು ಸಾವಿರ ಆರ್‌ಪಿಎಂಕ್ಕ ಹಿಡಿದ್ರ 13.8ರಿಂದ 14.5. ಹದಿನೈದು ದಾಟಿದ್ರ ರೆಗ್ಯುಲೇಟರ್ ಬ್ಯಾಟರಿ ಕುದಸ್ಲಿಕತ್ತದ ಅಂತ ತಿಳೀರಿ. ಹದಿಮೂರಕ್ಕ ಏರ್ಲೇ ಇಲ್ಲಂದ್ರ ಚಾರ್ಜ್ ಆಗವಲ್ದು. ಆವಾಗ ರೆಗ್ಯುಲೇಟರ್ ಕೂಡೋ ಪ್ಲಗ್ ಬಿಚ್ಚಿ ನೋಡ್ರಿ. ನಂದರಾಗ ಮೂರು ಹಳದಿ ವೈರಿನ ಪ್ಲಗ್ಗು ಕರಗಿ ಬೆಲ್ಲದಂಗ ಆಗಿತ್ತು. ಪ್ಲಗ್ ಸಡಿಲಾದ್ರ ಅಲ್ಲೇ ಕಾವು, ಕಾವಾದ್ರ ಇನ್ನೂ ಸಡಿಲು. ನಮ್ಮ ಮಿಸ್ತ್ರಿ ರೆಗ್ಯುಲೇಟರ್ ಸೀಟಿನ ಕೆಳಗಿಂದ ಕಿತ್ತು ಗಾಳಿ ಬಡಿಯೋ ಜಾಗಾದಾಗ ಹಾಕಿ ಕೊಟ್ಟಾನ. ಎರಡನೇ ಬ್ಯಾಸಗಿ ನಡದದ, ಇನ್ನೂ ತನಕ ಆರಾಮ.

ಕುಂದಾನಗರಿ_ಸವಾರ

ಕುಂಕುಮ ಪರೀಕ್ಷಾ ಆತು. ಮನ್ಯಾಗ "ದೇವರ ಮುಂದಿನ ಬಟ್ಟಲ ಎಲ್ಲಿ" ಅಂತ ಒಂದು ಗದ್ದಲನೂ ಆತು.

ಎಡಗಡೆ ಪಟ್ಟಿ ಮ್ಯಾಲ ಹೆಬ್ಬೆಟ್ಟಿನಗಲ ಕೆಂಪು ಗೆರಿ, ಒಂದ ಸಮ. ಬಲಗಡೆ? ಉಗುರಿನ ಅಂಚಿನಷ್ಟು. ಅದೂ ಒಂದ ಮೂಲಿಗೆ. ಎರಡು ಮಿ.ಮೀ. ಇದ್ರ ಭಾಳ ಆತು. ಅಷ್ಟರ ಮ್ಯಾಲ 13 ಕೆಜಿ ನೇತಾಡಾಕತ್ತಿತ್ತು, ನಾ ಹಾಡು ಹಾಡಕೋತ ಹೊಂಟಿದ್ದೆ.

ಆದ್ರ ಕೊಕ್ಕಿ ಎರಡೂ ಒಂದ ಮಾದರಿ. ಎಡಗಡೆ ಡಬ್ಬಿ ಬಲಗಡೆ ಕೂಡಂಗಿಲ್ಲ, ಹಂಗಾಗಿ ಅದಲಿ ಬದಲಿ ಮಾಡಿ ನೋಡಾಕ ಬರಲಿಲ್ಲ. ಆಮ್ಯಾಲ ಸುಮ್ನ ಹಿಂದ ಕುಂತು ನೋಡಿದೆ. ಗಾಡಿ ನೆಟ್ಟಗ ನಿಲ್ಲಿಸಿ, ನಂಬರ್ ಪ್ಲೇಟ್ ನಡುವಿನಿಂದ ದಾರ ಹಿಡದು ಎರಡೂ ರ‍್ಯಾಕಿನ ಹಿಂದಿನ ಮೂಲಿಗೆ ಅಳದೆ. ಎಡಕ್ಕ 262 ಮಿ.ಮೀ., ಬಲಕ್ಕ 255. ಏಳು ಮಿ.ಮೀ. ಒಳಗ! ಬರೇ ಕಣ್ಣಿಗೆ ಕಾಣಂಗಿಲ್ಲ. ಗೊತ್ತಾದ ಮ್ಯಾಲ ಮಾತ್ರ ಅದ ಕಾಣತೈತಿ, ಸೊಟ್ಟ ಹಲ್ಲಿನಂಗ.

ಆವಾಗ ನೆನಪಾತು. ಹೋದ ಮಳಿಗಾಲದಾಗ ಚೋರ್ಲಾ ಹಾದಿಯೊಳಗ ಫೋಟೋ ತಗ್ಯಾಕ ನಿಂತಾಗ ಗಾಡಿ ರಾಡ್ಯಾಗ ಮೆಲ್ಲಕ ಬಲಕ್ಕ ಮಲಗಿತ್ತು. ಓಡಾಕತ್ತಿರಲಿಲ್ಲ, ನಿಂತಲ್ಲೆ ಬಿದ್ದಿದ್ದು. ಮಿರರ್ ನೋಡಿದೆ, ಬ್ರೇಕ್ ಪೆಡಲ್ ನೋಡಿದೆ, ಡಬ್ಬಿ ಮ್ಯಾಲ ಒಂದು ಗೀರು ಬಿಟ್ರ ಏನೂ ಇಲ್ಲ ಅಂತ ಎಬ್ಬಿಸಿ ಹೊಂಟೆ. ಡಬ್ಬಿ ಗಾಡಿ ಉಳಿಸ್ತು ಅಂತ ಖುಷೀನೂ ಪಟ್ಟಿದ್ದೆ. 190 ಕೆಜಿ ಗಾಡಿ ಆ ಒಂದು ಮೂಲಿ ಮ್ಯಾಲ ಒರಗಿತ್ತು ಅನ್ನೋದು ತಲಿಗೆ ಹೊಳೀಲಿಲ್ಲ.

ಅಂದ್ರ ಏಳು ತಿಂಗಳು ಅದು ತುದಿ ಮ್ಯಾಲ ನೇತಾಡೈತಿ.

ಘಟಪ್ರಭಾ_ದಂಡಿ

ಬಟ್ಟಿ ಚೀಲ ಇದ್ದಿದ್ರ ಗಾಡಿ ಬಿದ್ರೂ...

ಕುಂದಾನಗರಿ_ಸವಾರ

ಗೊತ್ತಾತ್ರಿ ಮಾವ.

ವರ್ಗಾವಣೆ_ಗಿರಾಕಿ

ಹಾಗಾದರೆ ಶೋರೂಮಿನವರು ಹೇಳಿದ್ದು ಸರಿಯಾ? "ಸರಿಯಾಗಿ ಹಾಕಿಲ್ಲ" ಅಂದಿದ್ದರಲ್ಲ.

ಕುಂದಾನಗರಿ_ಸವಾರ

ಇಲ್ರಿ ಸರ, ಅದನ್ನ ನಾ ಒಪ್ಪಂಗಿಲ್ಲ. ಗಾಡಿ ಬಿದ್ದ ಮ್ಯಾಲ ಎರಡು ಸರ್ವಿಸ್ ಆಗ್ಯಾವು. ಡಬ್ಬಿ ತೆಗದು ಹಾಕಿದವರು ಅವರ. ಒಂದು ಸಲ ಟೇಪ್ ಹಿಡದಿದ್ರ ಸಿಗತಿತ್ತು. ಎಣ್ಣಿ ಬದಲಿಸಿದ್ರು, ಗಾಡಿ ತೊಳದ್ರು, ಬಿಲ್ ಕೊಟ್ರು. ಭಾರ ನಂದು ತಪ್ಪು, ಬಿದ್ದಿದ್ದನ್ನ ಹೇಳದ ಇದ್ದಿದ್ದು ನಂದು ತಪ್ಪು. ಇಷ್ಟು ಸಣ್ಣ ಬಾಗಿಗೆ ಕೈ ಬಿಡೂ ಕೊಕ್ಕಿ, ಅದಕ್ಕ ಎರಡನೇ ಆಸರ ಇಲ್ಲ, ಅದು ಮಾಡಿದವರ ತಪ್ಪು. ಟ್ರ್ಯಾಕ್ಟರ್ ಕಾಕಾ ಒಂದ ನೋಟಕ್ಕ ಹಿಡದಾ. ಅವನ ಟ್ರೇಲರ್ ಪಿನ್ನಿಗೆ ಕಾಟರ್ ಐತಿ. ಪಿನ್ ಮ್ಯಾಲ ಎದ್ರೂ ಕಾಟರ್ ತಡೀತೈತಿ.

ಲೇಥ್ ಅಣ್ಣಾರ, ಮುಂದೇನು? ರ‍್ಯಾಕಿನ್ಯಾಗ ಪೈಪ್ ತುರುಕಿ ಹೊರಗ ಜಗ್ಗಲಾ?

ಉದ್ಯಮಬಾಗ_ಲೇಥ್

ಗಾಡಿ ಮ್ಯಾಲ ಇಟ್ಟು ಜಗ್ಗಬ್ಯಾಡ್ರಿ! ಜಗ್ಗೂ ಬಲ ಎಲ್ಲಾ ಹಿಂದಿನ ಸಬ್‌ಫ್ರೇಮಿಗೆ, ಅಂದ್ರ ಸೀಟು ಹೊರೂ ಚೌಕಟ್ಟಿಗೆ, ಹೋಗತೈತಿ. ರ‍್ಯಾಕ್ ಹೋದ್ರ ರ‍್ಯಾಕ್ ಸಿಗತೈತಿ, ಸಬ್‌ಫ್ರೇಮಿನ ಬೆಸುಗಿ ಬಿಟ್ರ ಗಾಡಿ ಅರ್ಧ ಬಿಚ್ಚಬೇಕು. ರ‍್ಯಾಕ್ ಬಿಚ್ಚಿ ತಗೊಂಡು ಬರ್ರಿ. ಬಿಚ್ಚೂ ಮುಂದ ಬೆಸುಗಿ ಹತ್ತಿರ ಬಣ್ಣದಾಗ ಕೂದಲೆಳಿ ಸೀಳು ಏನರ ಐತೇನು ನೋಡ್ರಿ, ಬೋಲ್ಟುಗಳೂ ಹೆಂಗ ಅದಾವು ನೋಡ್ರಿ. ನನ್ನ ಅಂದಾಜು, ಒಂದೆರಡು ಕೈಲೆ ತಿರಗತಾವು.

ಹೊಸಾ ಕೊಕ್ಕಿ ನಾ ಮಾಡಿ ಕೊಡತೀನಿ. ಅದನ್ನೂ ಭಾಳ ಗಡಸು ಮಾಡಬಾರದು. ಕೊಕ್ಕಿ ಗಡಸಾದ್ರ ಅದು ರ‍್ಯಾಕಿನ ಪಟ್ಟಿ ತಿಂತೈತಿ. 3 ಎಂಎಂ ಸ್ಟೇನ್‌ಲೆಸ್ ಸಾಕು, ಮುರಿಯಂಗಿಲ್ಲ, ತಡಿಲಾರದಷ್ಟು ಆದ್ರ ಬಾಗಿ ತೋರಸತೈತಿ.

ಭಾನುವಾರ ಬರ್ರಿ, ಅವತ್ತ ಮಷೀನ್ ಖಾಲಿ.

ಕುಂದಾನಗರಿ_ಸವಾರ

ಭಾನುವಾರ ಹೋಗಿ ಬಂದೆ. ಬಿಚ್ಚೂ ಮುಂದ ನಾಕು ಬೋಲ್ಟಿನ್ಯಾಗ ಎರಡು ಖರೇನ ಕೈಲೆ ಬಂದ್ವು. ಬೆಸುಗಿ ಸೀಳಿಲ್ಲ, ದೇವರ ದಯಾ.

ಅಣ್ಣಾರು ರ‍್ಯಾಕನ್ನ ದಪ್ಪ ಹಲಗಿ ಮ್ಯಾಲ ಮಲಗಿಸಿದ್ರು. ಮೂರು ಮೂಲಿ ತಾಗಿದ್ವು, ನಾಕನೇದ್ದು ಎದ್ದು ನಿಂತಿತ್ತು, ಕೆಳಗ ಬೆರಳು ಹೋಗೂವಷ್ಟು ಸಂದಿ. ಎರಡು ಕಡೆ ಕ್ಲ್ಯಾಂಪ್ ಹಾಕಿ, ಸ್ಕ್ರೂ ಜ್ಯಾಕಿನಿಂದ ಒಂದೊಂದ ಸುತ್ತು ತಿರುವಿ, ಬಿಟ್ಟು, ಅಳದು, ಮತ್ತ ತಿರುವಿ, ಹಿಂಗ ಒಂದು ತಾಸು. ಸುತ್ತಿಗಿ ಮುಟ್ಟಲೇ ಇಲ್ಲ. ಕೊಳವಿ ಸ್ವಲ್ಪ ಹಿಂದ ಹಾರತೈತಿ, ಅದಕ್ಕ ಬೇಕಾದ್ದಕಿಂತ ಒಂದು ಕೂದಲು ಹೆಚ್ಚಿಗೆ ತಗೋಬೇಕು ಅಂತಾರ. ಕೊನಿಗೆ ಒಂದು ಎಂಎಂ ಉಳೀತು, ಅದಕ್ಕ ಒಂದು ವಾಷರ್ ಹಾಕಿದ್ರು. ಬೋಲ್ಟಿಗೆ ನೈಲಾನ್ ಇರೂ ನಟ್ಟು, ಮತ್ತ ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲಾಗದಂಗ ಹಿಡಿಯೂ ಅಂಟು) ಒಂದು ಹನಿ. ಕೆಂಪು ಹಾಕಬ್ಯಾಡ್ರಿ, ಮುಂದ ಬಿಚ್ಚಾಕ ಕಾಯಿಸಬೇಕಾಗತೈತಿ.

ಮತ್ತ ಕುಂಕುಮ ಹಚ್ಚಿದ್ವಿ. ಈ ಸಲ ಮನಿಯಿಂದ ಪುಡ್ಯಾಗ ಕೇಳಿ ಒಯ್ದಿದ್ದೆ. ಬಲಗಡೆ ಪೂರಾ ಹೆಬ್ಬೆಟ್ಟಿನಗಲ ಗೆರಿ ಬಂತು.

ಆಮ್ಯಾಲ ಕಾಕಾನ ಮಾತು. ಹಿಡಿಕಿ ಮತ್ತ ಅದರ ಗೂಡಿಗೆ ಕೂಡಿ ಒಂದು ತೂತು ಹೊಡದು, ಅದರಾಗ ಪಿನ್. ಹಿಡಿಕಿ ಏಳಬೇಕಂದ್ರ ಮೊದಲ ಪಿನ್ ಎಳೀಬೇಕು. ಪಿನ್ನಿಗೆ ಒಂದು ಕೆಂಪು ದಾರ ಕಟ್ಟೇನಿ, ಗಾಡಿ ಹತ್ತೂ ಮುಂದ ಎರಡೂ ಕಡೆ ದಾರ ಕಂಡ್ರ ಹೊಂಡೂದು. ಡಬ್ಬಿ ಸುತ್ತ ಒಂದು ಬೆಲ್ಟನೂ ಹಾಕಿದೆ, ಗೋಕಾಕದ ಮಾವನ ಸಮಾಧಾನಕ್ಕ.

ಕೊಕ್ಕಿ, ತೂತು, ರ‍್ಯಾಕು, ಎಲ್ಲಾ ಸೇರಿ 650 ರೂಪಾಯಿ ತಗೊಂಡ್ರು. ಒತ್ತಾಯ ಮಾಡಿದ ಮ್ಯಾಲ.

ಮಂಗಳವಾರ ಲೋಕಾಪುರ ದಾರಿ ಹಿಡದೆ, ಅದ ತಗ್ಗು ಹುಡುಕ್ಯಾಡಿ ಎರಡು ಸಲ ಇಳಿಸಿದೆ. ಬಲಗಡೆ 8 ಕೆಜಿ, ಎಡಗಡೆ 8. ಅಲುಗಾಡಲಿಲ್ಲ. ಆ ಕಾಕಾನೂ ಸಿಕ್ಕಾ, ಕಾರ್ಖಾನಿ ಸಾಲಿನ್ಯಾಗ ಕಬ್ಬು ತುಂಬಕೊಂಡು ಪಾಳಿ ಕಾಯಾಕತ್ತಿದ್ದಾ. ಪಿನ್ ತೋರಿಸಿದೆ. ಎಳದು ನೋಡಿ, "ಭಾಳ ಸಣ್ಣದು ಆತು, ಇರಲಿ" ಅಂದಾ.

ಗುಮ್ಮಟದ_ಹುಡುಗ

ಎರಡು ಕೆಜಿ ಕುಂದಾ ಏನಾತು ಅಂತ ಯಾರೂ ಕೇಳ್ಲಿಲ್ಲಲ್ಲಾ!

ಕುಂದಾನಗರಿ_ಸವಾರ

ಒಂದು ಕೆಜಿ ಅವತ್ತ ಕಾಕಾಗ ಕೊಟ್ಟೆ. ಇನ್ನೊಂದು ಅಕ್ಕನ ಮನಿ ಮುಟ್ಟಿತು. ರೊಟ್ಟಿ ಪುಡಿಪುಡಿ ಆಗಿದ್ವು, ಅಕ್ಕ ಒಗ್ಗರಣಿ ಹಾಕಿ ಕೊಟ್ಟಳು.

ಇಳಕಲ್_ದಡಿ

ಲೇಥ್ ಅಣ್ಣಾರ, ಆ ಪಿನ್ ಎಷ್ಟು ದಪ್ಪ? ನನ್ನ ಟಾಪ್ ಬಾಕ್ಸಿಗೂ ಅಂಥದ್ದೊಂದು ಹಾಕಬೇಕಂತ ಮಾಡೇನಿ.

ಉದ್ಯಮಬಾಗ_ಲೇಥ್

5 ಎಂಎಂ ಅಕ್ಕಾರ. ಎರಡು ಹೆಚ್ಚಿಗೆ ಮಾಡಿ ಇಟ್ಟೇನಿ, ಬೆಳಗಾವಿ ಕಡೆ ಬಂದಾಗ ತಗೊಂಡು ಹೋಗ್ರಿ. ತೂತು ಹೊಡ್ಯೂ ಮೊದಲ ಬಾಕ್ಸ್ ಪೂರಾ ಖಾಲಿ ಮಾಡಕೊಂಡು ಬರ್ರಿ, ಉತ್ತರ ಪತ್ರಿಕಿ ಜೋಡಿ ತರಬ್ಯಾಡ್ರಿ.